ಫಟಫಟಿ ಚಾಂದನ ಹಿಂದಿನ ಸೀಟು

ಹೈದರಾಬಾದಿನ ಗಾಡಿ ವಾಡಿ ಜಂಕ್ಷನ್ನಿಗೆ ಬಂದು ನಿಲ್ಲುವಾಗ ಮೂಡಲು ಆಗಷ್ಟೇ ಕೆಂಪಾಗುತ್ತಿರುತ್ತದೆ. ಚಹಾದವನಿಗಿಂತ ಮೊದಲೇ ಚಾಂದ್ ಪ್ಲಾಟ್‌ಫಾರಂ ಮೇಲೆ ಹಾಜರ್. ಪೇಪರಿನ ಕಟ್ಟುಗಳನ್ನು ಹೆಗಲಿಗೇರಿಸಿಕೊಂಡು ಹೊರಗೆ ಬರುತ್ತಾನೆ. ಒಂದು ಕಟ್ಟು ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ, ಉಳಿದವು ಎರಡು ಮಗ್ಗುಲಿಗೆ. ಚಿತ್ತಾಪುರ, ಸೇಡಂ ಕಡೆಯವರು ಈ ಪತ್ರಿಕೆಯನ್ನು ಓದುತ್ತಿದ್ದರೆ ಅದನ್ನು ತಂದವನು ಈತನೇ. ಹಿಂದಿನ ಸೀಟು ಮಾತ್ರ ಖಾಲಿ ಇರುತ್ತದೆ. ಅದರ ಮೇಲೇಕೆ ಏನನ್ನೂ ಕಟ್ಟುವುದಿಲ್ಲ ಎಂದು ಕೇಳುತ್ತೇನೆ.

"ಅದು ಅವ್ವಾರ ಜಾಗಾ ಅದರಿ," ಎನ್ನುತ್ತಾನೆ ಚಾಂದ್. "ಹಾದ್ಯಾಗ ಯಾರರ ಕೈ ಮಾಡಿ, ಮನ್ಯಾಗ ಹೆರಿಗಿ ಬ್ಯಾನಿ ಸುರುವಾಗ್ಯಾವ ಅಂದ್ರ, ಆವಾಗ ಹಗ್ಗ ಬಿಚ್ಚಕೋತ ಕುಂದ್ರಲೇನ್ರಿ?"

ಅವ್ವಾರು ಎಂದರೆ ಚಿತ್ತಾಪುರದ ಸೂಲಗಿತ್ತಿ ಗುರುಲಿಂಗಮ್ಮ. ಐವತ್ತು ದಾಟಿದ ವಿಧವೆ, ಹಣೆ ತುಂಬ ವಿಭೂತಿ. ಸುತ್ತಲಿನ ಹಳ್ಳಿಗಳಿಂದ ಕರೆ ಬಂದಾಗ ಅವರನ್ನು ಕೂಡಿಸಿಕೊಂಡು ಹೋಗುವವನು ಚಾಂದ್. ಪೇಪರು ಹೊರುವುದು ಅವನ ಹೊಟ್ಟೆಪಾಡು, ಇದು ಅದರಾಚೆಯ ಕೆಲಸ. ಪರಗಂಡಸಿನ ಹಿಂದೆ ಕೂತು ಊರೂರು ತಿರುಗುತ್ತಾಳೆಂದು ಮೊದಮೊದಲು ಕಟ್ಟೆಯ ಮೇಲೆ ಮಾತು ಎದ್ದಿತ್ತು. ಗುರುಲಿಂಗಮ್ಮ ಆ ಕಟ್ಟೆಯ ಮುಂದೆಯೇ ಫಟಫಟಿ ನಿಲ್ಲಿಸಿ ಕೇಳಿದರಂತೆ: "ಇಂವ ಬಷೀರಾನ ಹೊಟ್ಟಿಲೆ ನನ್ನ ಕೈಯಾಗ ಹುಟ್ಟಿದಾಂವ. ನಿಮ್ಮೊಳಗೂ ನನ್ನ ಕೈಯಾಗ ಹುಟ್ಟಿದವರು ಯಾರ್ಯಾರು ಅದೀರಿ, ಹೇಳ್ರಿ ನೋಡೋಣ." ಕೂತವರು ಒಬ್ಬೊಬ್ಬರಾಗಿ ಕಟ್ಟೆಯಿಂದ ಎದ್ದು ನಡೆದರಂತೆ.

ಚಾಂದನ ತಂದೆ ವಾಡಿಯ ಲೋಕೋ ಷೆಡ್ಡಿನಲ್ಲಿ ಕಲ್ಲಿದ್ದಲು ತುಂಬುತ್ತಿದ್ದರು. ಮಗನಿಗೆ ಸಣ್ಣಂದಿನಿಂದ ಜೋರಾಗಿ ಓಡುವುದರ ಹುಚ್ಚು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿದು, ಮಿಲಿಟರಿಯವರು ಹರಾಜು ಹಾಕಿದ ಒಂದು ಹಳೆಯ ಮೋಟಾರ್ ಸೈಕಲ್ ಕೊಂಡ. ಫರಸಿ ಕಲ್ಲಿನ ಲಾರಿಗಳನ್ನು ಹಿಂದೆ ಹಾಕಿ ಧೂಳೆಬ್ಬಿಸುವುದೇ ಅವನ ಖುಷಿ. ಅದರ ಹಿಂದಿನ ಗಾಲಿಗೆ ಸ್ಪ್ರಿಂಗ್ ಇರಲಿಲ್ಲ. ಅದು ಅವನಿಗೊಂದು ಕೊರತೆ ಎನಿಸಿರಲೂ ಇಲ್ಲ.

ಎರಡು ವರ್ಷದ ಹಿಂದೆ ದಂಡೋತಿಯಿಂದ ಕರೆ ಬಂತು. ಭೀಮಬಾಯಿ ಎಂಬ ಹೆಂಗಸಿಗೆ ಚೊಚ್ಚಲ ಹೆರಿಗೆ. ಬಂಡಿಯ ಹಾದಿಯಲ್ಲಿ ಹಾರಿಸಿಕೊಂಡು ಚಾಂದ್ ಗುರುಲಿಂಗಮ್ಮನನ್ನು ತಂದಿಳಿಸಿದ. ಕೂಸು ಆಗಲೇ ಹುಟ್ಟಿತ್ತು, ತಾಯಿಗೆ ರಕ್ತ ಹರಿಯುತ್ತಿತ್ತು. ಆದರೆ ಹಾದಿಯ ಕುಲುಕಾಟಕ್ಕೆ ಗುರುಲಿಂಗಮ್ಮನ ಕೈಗಳು ಗಡಗಡ ನಡುಗುತ್ತಿದ್ದವು, ಹೊಕ್ಕುಳ ಬಳ್ಳಿಗೆ ದಾರ ಕಟ್ಟಲೂ ಆಗಲಿಲ್ಲ. ಅವರು ಹೇಳಿಕೊಟ್ಟಂತೆ ಭೀಮಬಾಯಿಯ ಅತ್ತೆಯೇ ಗಂಟು ಹಾಕಿದಳು, ಹೊಟ್ಟೆ ಒತ್ತಿ ಹಿಡಿದಳು. ಬದುಕಿದರು ಇಬ್ಬರೂ, ಹೇಗೋ.

ಹೊರಗೆ ಬಂದ ಗುರುಲಿಂಗಮ್ಮ ಬೈಯಲಿಲ್ಲ. "ಚಾಂದ್ಯಾ, ನೀ ನನ್ನ ಜಲ್ದಿ ತಂದಿ ಖರೆ," ಎಂದರು. "ನನ್ನ ಕೈ ಇನ್ನಾ ಹಾದ್ಯಾಗೇ ಅವ."

"ಆ ಮಾತು ಎದ್ಯಾಗ ನಟ್ಟುಬಿಡ್ತುರಿ," ಎನ್ನುತ್ತಾನೆ ಚಾಂದ್. "ಭಾಳ ಜೋರ ಹೊಡಿತೀನಿ ಅಂತ ಮೆರೀತಿದ್ದೆ. ಹಿಂದ ಕುಂತವರಿಗಿ ಹ್ಯಾಂಗ ಆಗ್ತದ ಅಂತ ಒಂದಿನಾನೂ ಕೇಳಿದ್ದಿಲ್ಲ."

ಬೇರೆ ಗಾಡಿ ಹುಡುಕಲು ಹೊರಟಾಗ ಅವರನ್ನೇ ಜೊತೆಗೆ ಕರೆದುಕೊಂಡ. ಶಹಾಬಾದಿನ ಕಲ್ಲು ವ್ಯಾಪಾರಿ ನಾಗೇಂದ್ರಪ್ಪನವರ ಬಳಿ ಎರಡು ಮಾರಾಟಕ್ಕಿದ್ದವು. ಒಂದು ಹಗುರ, ಹ್ಯಾಂಡಲ್ ತಗ್ಗು, ಕಿವಿಗೆ ಹಿತವಾದ ಸದ್ದು. ಚಾಂದನ ಕಣ್ಣು ಅದರ ಮೇಲೆಯೇ. ಗುರುಲಿಂಗಮ್ಮ ಸೊಂಟದ ಚೀಲದಿಂದ ಸೂಜಿ ದಾರ ತೆಗೆದರು. ಚಾಂದನ ಹಿಂದೆ ಕೂತು ಗಣಿಯ ಚೂರುಗಲ್ಲಿನ ಹಾದಿಯಲ್ಲಿ ಒಂದು ಸುತ್ತು ಹಾಕಿ ಬಂದು, ಇಳಿದವರೇ ಸೂಜಿಗೆ ದಾರ ಪೋಣಿಸಲು ನೋಡಿದರು. ಆಗಲಿಲ್ಲ. ಎರಡನೆಯದು ಆನೆಯಂಥ ದಪ್ಪ ಗಾಡಿ, ನಡಿಗೆಯೂ ಆನೆಯದೇ. ಇಳಿದೊಡನೆ ದಾರ ಸಲೀಸಾಗಿ ಹೊಕ್ಕಿತು. ಚಾಂದ್ ಜೋಲು ಮುಖ ಮಾಡಿ, ಅದನ್ನೇ ಕೊಳ್ಳಲು ಒಪ್ಪಿದ. ಬೇಡವೆಂದವರು ಗುರುಲಿಂಗಮ್ಮ!

"ಇದರ ಮ್ಯಾಲ ಹೋದ್ರ ಕೂಸು ಹುಟ್ಟಿ, ತೊಟ್ಟಲದಾಗ ಮಲಗಿರತದ. ಜಲ್ದೀನೂ ಬೇಕಪಾ, ಮೆತ್ತಗೂ ಬೇಕು. ಇನ್ನೊಂದು ನೋಡು."

ನಾಗೇಂದ್ರಪ್ಪನವರು ನಕ್ಕುಬಿಟ್ಟರು. ಚಾಂದ್ ನಗಲಿಲ್ಲ. ಹುಡುಕುತ್ತ ಹೋದ. ಕೊನೆಗೆ ವರ್ಗವಾಗಿ ಹೊರಟಿದ್ದ ವಾಡಿಯ ರೈಲ್ವೆ ಗಾರ್ಡ್ ಒಬ್ಬರ ಬಳಿ ಈ ಕಪ್ಪು ಗಾಡಿ ಸಿಕ್ಕಿತು. ಹಗುರ ಮೈ, ಚುರುಕು ಎಂಜಿನ್, ಎರಡೂ ಗಾಲಿಗೆ ಸ್ಪ್ರಿಂಗ್. ಹಿಂದಿನ ಸೀಟು ಮಾತ್ರ ಹಲಗೆಯಂತಿತ್ತು. ಚಾಂದ್ ಅದನ್ನು ಬಿಚ್ಚಿ, ಒಳಗೆ ಹೊಸ ಅರಳೆ ಗಿಡಿದು, ಕಾಲಿಡಲು ಅಗಲವಾದ ಪಟ್ಟಿ ಕೂಡಿಸಿದ. ಆಸೆಪಟ್ಟು ಕೊಂಡಿದ್ದ ತನ್ನ ಮೊದಲ ಗಾಡಿಯನ್ನು ಮಾರಿದ ದಿನ ಊಟ ಮಾಡಲಿಲ್ಲವೆಂದು ಅವನ ಹೆಂಡತಿ ನೂರಜಹಾನ್ ಹೇಳುತ್ತಾಳೆ.

ಈ ಸಲದ ಮಳೆಗಾಲದಲ್ಲಿ ಸೇಡಂ ಆಚೆಯ ಮುಧೋಳದಿಂದ ಕರೆ. ಅಮೃತಮ್ಮ ಎಂಬ ಬಸುರಿಯ ಕೂಸು ಕಾಲು ಮುಂದಾಗಿ ಕೂತಿದೆ. ಎರೆಮಣ್ಣು ಗಾಲಿಗೆ ಮೆತ್ತುತ್ತಿತ್ತು. ಚಾಂದ್ ಅಲ್ಲಲ್ಲಿ ಇಳಿದು ಕಡ್ಡಿಯಿಂದ ಕೆದರುತ್ತ, ಗಟ್ಟಿ ನೆಲ ಸಿಕ್ಕಲ್ಲಿ ಹಾರಿಸುತ್ತ, ತಗ್ಗು ಕಂಡಲ್ಲಿ ನಿಧಾನಿಸುತ್ತ ಹೋದ. ಗುರುಲಿಂಗಮ್ಮ ಇಳಿದವರೇ ಕೈ ತೊಳೆದು ನೇರ ಒಳಗೆ ಹೋದರು. ಅವರು ಕೂತು ದಣಿವಾರಿಸಿಕೊಳ್ಳದ್ದನ್ನು ಕಂಡು ಚಾಂದನಿಗೆ ಅರ್ಧ ಧೈರ್ಯ ಬಂತು. ಹೊರಗಿನ ಕಟ್ಟೆಗೆ ಆತು ಕಣ್ಣು ಮುಚ್ಚಿ ಕೂತ.

"ಒಳಗಿಂದ ಕೂಸಿನ ದನಿ ಬಂತು ನೋಡ್ರಿ," ಎಂದವನೇ ಚಾಂದ್ ಬಟ್ಟೆಯಿಂದ ಟ್ಯಾಂಕು ಒರೆಸತೊಡಗುತ್ತಾನೆ. ಅದು ಆಗಲೇ ಹೊಳೆಯುತ್ತಿದೆ.

ಈಗ ನೂರಜಹಾನಳಿಗೇ ದಿನ ತುಂಬುತ್ತಿವೆ. ಗುರುಲಿಂಗಮ್ಮ ಗಂಟುಮೂಟೆ ಸಮೇತ ವಾಡಿಯ ಚಾಂದನ ಮನೆಗೇ ಬಂದು ಕೂತಿದ್ದಾರೆ. "ತನ್ನ ಮನಿ ಹೆರಿಗಿ ಅಂದ್ರ ಇಂವ ಹ್ಯಾಂಗ ಹೊಡೀತಾನೋ ಯಾರಿಗಿ ಗೊತ್ತು," ಎನ್ನುತ್ತಾರೆ.

ಆ ಮನೆಯ ಮುಂದೆ ನಿಂತು, ಏನು ಆಸೆ ಎಂದು ಚಾಂದನನ್ನು ಕೇಳುತ್ತೇನೆ. ನಾಚುತ್ತಾನೆ. "ಗಂಡಾದ್ರ ಫಟಫಟಿ ಕಲಸ್ತೀನ್ರಿ. ಹೆಣ್ಣಾದ್ರ, ಅವ್ವಾರು ಒಪ್ಪಿದ್ರ, ಅವರ ಕೆಲಸ ಕಲೀಲಿ."

ಬಾಗಿಲಲ್ಲಿ ಕೂತು ಕೌದಿ ಹೊಲಿಯುತ್ತಿದ್ದ ಗುರುಲಿಂಗಮ್ಮ ತಲೆ ಎತ್ತುತ್ತಾರೆ.

"ಹೆಣ್ಣಾದ್ರ ಎರಡೂ ಕಲಸು, ಚಾಂದ್ಯಾ. ಯಾರ ದಾರೀನೂ ಕಾಯದ ಬಂದು ಮುಟ್ಟಲಿ."