ಮಗ್ಗದ ಕುಣಿಯಲ್ಲಿ ಬಚ್ಚಿಟ್ಟ ಪುಸ್ತಕ

ಯೋಹಾನ ಮಾಸ್ತರ ಪುಸ್ತಕ ಕದ್ದವನು ನಾನು. ಸುಟ್ಟವನೂ ನಾನೇ.

ಗಜೇಂದ್ರಗಡದಲ್ಲಿ ನನ್ನ ಕಿತಾಪತಿಗೆ ಸಿಗದವರು ಯಾರೂ ಇಲ್ಲ ಎಂದು ಈ ವಯಸ್ಸಿನಲ್ಲೂ ಜಂಬ ಕೊಚ್ಚುತ್ತೇನೆ. ಮಲಗಿದ್ದ ಗೌಡರ ಪಟಕಾ ಬಿಚ್ಚಿ ಅವರದೇ ಎಮ್ಮೆಯ ಕೋಡಿಗೆ ಸುತ್ತಿದವನು ನಾನು! ಅದನ್ನೆಲ್ಲ ಹೇಳಿ ನಗಿಸಿದ್ದೇನೆ. ಇದೊಂದನ್ನು ಮಾತ್ರ — ಹೇಳಲಿಲ್ಲ.

ಐವತ್ತರ ದಶಕ. ಮಾಸ್ತರು ನಮ್ಮ ಕಡೆಯವರೇ, ಕ್ರೈಸ್ತರು. ಪಾದ್ರಿಗಳ ಜೊತೆ ಆಫ್ರಿಕಾಕ್ಕೆ ಹೋಗಿ, ಗುಡ್ಡದ ಮೇಲಿನ ಒಂದು ಸಣ್ಣ ಬುಡಕಟ್ಟಿನ ಜನರ ನಡುವೆ ಒಂಬತ್ತು ವರ್ಷ ಯೇಸುವಿನ ಕತೆ ಹೇಳಿದವರು. ಜ್ವರದಿಂದ ಸೊರಗಿ, ಸುಧಾರಿಸಿಕೊಳ್ಳಲು ಬಂದು ನಮ್ಮ ಪಕ್ಕದ ಮನೆಯಲ್ಲಿದ್ದರು. ಆ ಜನರ ಭಾಷೆಗೆ ಅಕ್ಷರವಿಲ್ಲ. ಮಕ್ಕಳು ನೆರೆಯವರ ಮಾತಿಗೆ ಹೊರಳಿದ್ದರು. ಮುದುಕರಷ್ಟೇ ಅದನ್ನು ಆಡುತ್ತಿದ್ದರು. ಮಾಸ್ತರು ಅದನ್ನು ಕನ್ನಡ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ, ಒಂದು ದಪ್ಪ ಪುಸ್ತಕಕ್ಕೆ ಇಳಿಸಿದ್ದರು. ನಾನು ಸೀರೆ ನೇಯುವಾಗ ಪಕ್ಕದಲ್ಲಿ ಕೂತು ಓದಿ ತೋರಿಸುತ್ತಿದ್ದರು.

“ನನಗ ಈ ಮಾತು ಹೇಳಿಕೊಟ್ಟ ಮುದುಕಿ ತೀರಿಕೊಂಡ್ಲಂತ, ಬಾಳಪ್ಪ. ಪತ್ರ ಬಂದೈತಿ. ಇನ್ನ ನನಗ ಈ ಪುಸ್ತಕನ ಆಕಿ.”

“ಹಂಗಾರ ಅಜ್ಜಿನ್ನ ಬಗಲಾಗ ಹಿಡ್ಕೊಂಡು ಅಡ್ಡಾಡತೀರಿ ಅನ್ರಿ!”

ಅವರೂ ನಕ್ಕರು. ನನಗೆ ಅಷ್ಟು ಸಾಕಾಯಿತು.

ಮರುದಿನ ಅವರು ಸ್ನಾನಕ್ಕೆ ಹೋದಾಗ ಪುಸ್ತಕ ಎತ್ತಿಕೊಂಡು ಬಂದೆ. ನಮ್ಮದು ಕುಣಿಮಗ್ಗ, ಕಾಲು ಇಳಿಬಿಡುವ ಆ ಕುಣಿಯ ಗೂಡಿನಲ್ಲಿ ತುರುಕಿದೆ. ಮಧ್ಯಾಹ್ನದವರೆಗೆ ಹುಡುಕಲಿ, ಆಮೇಲೆ ಗಾರುಡಿಗನ ಹಾಗೆ ತೆಗೆದು ಕೊಡೋಣ — ಇಷ್ಟೇ ಇದ್ದದ್ದು. ಅಷ್ಟರಲ್ಲಿ ರಾಜೂರಿಗೆ ಮದುವೆಯ ಚಕ್ಕಡಿ ಹೊರಟಿತು, ನಾನು ಹತ್ತಿಬಿಟ್ಟೆ. ಒಂದು ದಿನ ಅಂದವನು ಮೂರು ದಿನ ನಿಂತೆ. ಯಾರು, ಏನು ಎಂದು ಹೇಳದೆ, ಮಾಸ್ತರು ಹುಡುಕಾಡುತ್ತಿರುವುದನ್ನು ಅಲ್ಲಿ ಅಭಿನಯಿಸಿ ತೋರಿಸಿದೆ. ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೇಸಿಗೆಯಲ್ಲಿ ಹಾಸಿನ ನೂಲು ಒಣಗಿದರೆ ಪಟಪಟ ಹರಿಯುತ್ತದೆ. ಅದಕ್ಕೇ ಕುಣಿಗೆ ಎರಡು ಹೊತ್ತು ನೀರು ಚಿಮುಕಿಸುತ್ತೇವೆ. ಅರ್ಧ ನೇಯ್ದ ಸೀರೆ ಮಗ್ಗದ ಮೇಲಿತ್ತು. ನನ್ನ ಹೆಂಡತಿ ಗಂಗವ್ವ ಮೂರು ದಿನವೂ ಮರೆಯದೆ, ಗೂಡೂ ತೊಯ್ಯುವಂತೆ ನೀರು ಹಾಕಿದ್ದಳು. ಆ ಕೆಲಸ ಕಲಿಸಿದವನೇ ನಾನು — ಮರೆತದ್ದೂ ನಾನೇ.

ಬಂದು ನೋಡಿದರೆ ಪುಸ್ತಕ ನೆನೆದ ರೊಟ್ಟಿಯಂತೆ ಉಬ್ಬಿತ್ತು. ಒಂಬತ್ತು ವರ್ಷದ ದುಡಿಮೆ ನೀಲಿ ನೀರಾಗಿತ್ತು. ನಡುವಿನ ನಾಲ್ಕೈದು ಹಾಳೆಗಳು ಮಾತ್ರ ಓದಲು ಬರುತ್ತಿದ್ದವು. ಒಂದರಲ್ಲಿ ಆ ಗುಡ್ಡದ ಜನರ ಮಾತು, ಎದುರಿಗೆ ಕನ್ನಡ: ‘ಕಳೆದುಹೋದ ಆಡು ತಾನಾಗಿ ಮರಳಿದಾಗ ಮನೆಯವರೆಲ್ಲ ಹಾಕುವ ಕೂಗು.’ ಕೆಳಗೆ ಸಣ್ಣಗೆ: ‘ಯೇಸು ಹೇಳಿದ, ಮನೆ ಬಿಟ್ಟ ಮಗ ತಿರುಗಿ ಬಂದ ಕತೆಗೆ ಇದೇ ಕೂಗು ಬೇಕು.’

ಸಂಜೆ ಮಾಸ್ತರೇ ಬಂದರು. ಗಡ್ಡ ಬೆಳೆದಿತ್ತು.

“ಬಾಳಪ್ಪ, ಚ್ಯಾಷ್ಟಿ ಏನರ ಮಾಡಿಯೇನಪ? ಮಾಡಿದ್ರ ಹೇಳು. ನಾ ಸಿಟ್ಟಾಗಂಗಿಲ್ಲ.”

ಆಗ ಹೇಳಬಹುದಿತ್ತು. ಉಳಿದ ಹಾಳೆಗಳನ್ನಾದರೂ ಕೈಗಿಡಬಹುದಿತ್ತು. ಆದರೆ ನಗಿಸುವ ಬಾಳಪ್ಪ ಎಂಬ ಹೆಸರು — ಅದು ಹೋಗುತ್ತದಲ್ಲ... ಮಗ್ಗದ ಮೇಲೆ ಕೈಯಿಟ್ಟೆ.

“ಈ ಮಗ್ಗದಾಣಿ ಮಾಸ್ತರ, ನಾ ನೋಡೇ ಇಲ್ರಿ.”

ಮಗ್ಗ ಮುಟ್ಟಿ ಆಣೆ ಮಾಡಿದ ನೇಕಾರನನ್ನು ನಮ್ಮಲ್ಲಿ ಯಾರೂ ಮತ್ತೆ ಕೇಳುವುದಿಲ್ಲ. ಅವರೂ ಕೇಳಲಿಲ್ಲ. “ಹಂಗಾರ ಆವತ್ತ ದವಾಖಾನಿಗೆ ಹೋದಾಗ ರೋಣದ ಬಸ್ಸಿನಾಗ ಬಿಟ್ಟಿರಬೇಕು,” ಅಂದರು. ಮರುದಿನ ಅವರ ಜೊತೆ ರೋಣಕ್ಕೆ ಹೋದವನು ಯಾರು? ನಾನೇ. ಕಂಡಕ್ಟರುಗಳನ್ನು ಕೇಳಿದೆ, ಸೀಟಿನ ಕೆಳಗೆ ಬಗ್ಗಿ ನೋಡಿದೆ. ಅವರನ್ನು ನಗಿಸಲೂ ನೋಡಿದೆ.

ಮನೆಗೆ ಬಂದು ಗಂಜಿ ಕಾಯುತ್ತಿದ್ದ ಒಲೆಗೆ ಪುಸ್ತಕ ಹಾಕಿದೆ, ಒಳ್ಳೆಯ ಹಾಳೆಗಳ ಸಮೇತ.

“ಏನ್ ಸುಡಾಕತ್ತೀರಿ?” ಎಂದಳು ಗಂಗವ್ವ.

“ರದ್ದಿ,” ಅಂದೆ.

ಮಾಸ್ತರು ಬರಿಗೈಯಲ್ಲಿ ಆಫ್ರಿಕಾಕ್ಕೆ ಮರಳಿದರು. ಒಂದು ಪತ್ರ ಬರೆದಿದ್ದರು: ‘ಬಾಳಪ್ಪ, ಮಗ ಬಾಗಿಲಿಗೆ ಬರುವವರೆಗೆ ಕತೆ ಹೇಳುತ್ತೇನೆ. ಅಲ್ಲಿ ಆ ಕೂಗು ಬೇಕು. ಉಳಿದ ಮುದುಕರಿಗೂ ನೆನಪಿಲ್ಲ, ಸಿಗುತ್ತಿಲ್ಲ. ನಿಂತುಬಿಡುತ್ತೇನೆ.’ ನಾನು ಉತ್ತರ ಬರೆಯಲಿಲ್ಲ. ಮತ್ತೆ ಪತ್ರ ಬರಲಿಲ್ಲ.

ಒಲೆಗೆ ಹಾಕುವ ಮೊದಲು ಆ ಕೂಗನ್ನು ನಾನು ಒಮ್ಮೆ ಗಟ್ಟಿಯಾಗಿ ಓದಿದ್ದೆ. ಎರಡೇ ಅಕ್ಷರವೋ, ಮೂರೋ — ಅರ್ಥ ಮಾತ್ರ ಅಚ್ಚೊತ್ತಿದಂತಿದೆ. ಮಗ್ಗದ ಮುಂದೆ ಕೂತು ಇಷ್ಟು ವರ್ಷ ನೆನೆಸಿ ನೋಡಿದ್ದೇನೆ. ಆ ಕೂಗು ಬಾಯಿಗೆ ಬರುತ್ತಿಲ್ಲ.