ಗೂಡು ಸೇರಿದ ಜನಿವಾರ

ಕೆಲಸದಿಂದ ನಿವೃತ್ತನಾದರೂ ನನ್ನ ದಿನಚರಿಗೆ ನಾನು ನಿವೃತ್ತಿ ಕೊಟ್ಟಿಲ್ಲ. ಕೆನಡಾದ ಸ್ಕಾರ್‌ಬರೋದ ಮನೆಯಲ್ಲಿ ಬೆಳಗಿನ ಜಾವ ಏಳುವುದು, ತಣ್ಣೀರ ಸ್ನಾನ, ಸಂಧ್ಯಾವಂದನೆ, ಆಮೇಲೆ ಕಾಫಿ. ಪೆರುವಿನ ಬೆಟ್ಟದೂರಿಗೆ ಹಕ್ಕಿ ನೋಡಲು ಹೋದಾಗಲೂ ಅದೇ ಕ್ರಮ.

ಹೋದದ್ದು ಒಂದು ಜಗಳದ ಸಲುವಾಗಿ. ಸ್ಕಾರ್‌ಬರೋದಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿಯೊಬ್ಬಳು ನನ್ನ ಬಳಿ ಪ್ರಾಣಿಶಾಸ್ತ್ರ ಕಲಿತು, ಈಗ ಅದನ್ನೇ ಕಲಿಸುತ್ತಾಳೆ. ಆ ಊರಿನ ಕಂದು ನೊಣಹಿಡುಕ ಹಕ್ಕಿ ಮನುಷ್ಯರು ಬಿಸಾಡಿದ್ದನ್ನೂ ಗೂಡಿಗೆ ಬಳಸುತ್ತದೆ ಎಂಬುದು ಅವಳ ವಾದ. ಹುಲ್ಲು, ಪಾಚಿ ಬಿಟ್ಟು ಬೇರೇನನ್ನೂ ಮುಟ್ಟದ ಮಡಿವಂತ ಹಕ್ಕಿ ಅದು ಎಂಬುದು ನನ್ನದು. ಗೆದ್ದವರ ವಾದವೇ ನಮ್ಮ ಜಂಟಿ ಪ್ರಬಂಧದ ತಲೆಬರಹ ಎಂದು ಒಪ್ಪಂದವಾಗಿತ್ತು.

ನಾನು ಉಳಿದುಕೊಂಡ ಮನೆಯ ಒಡತಿ ಕೋಳಿ ಸಾಕುವ ವಿಧವೆ. ಹಿತ್ತಲಿನಲ್ಲಿ ನಾನು ನಡುಗುತ್ತ ಮೈಮೇಲೆ ನೀರು ಸುರಿದುಕೊಳ್ಳುವುದನ್ನು ಕಂಡಾಗಲೆಲ್ಲ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು.

“ದೋತೋರ್, ಸತ್ತರೆ ಕೆನಡಾಕ್ಕೆ ಹೇಗೆ ಕಳಿಸ್ಬೇಕು ಅಂತ ಮೊದಲೇ ಹೇಳಿಬಿಡಿ.”

ಡಾಕ್ಟರ್ ಎಂಬುದು ಅವಳ ಬಾಯಲ್ಲಿ ದೋತೋರ್. ನನ್ನ ಅರೆಬರೆ ಸ್ಪ್ಯಾನಿಷಿಗೂ ಅಷ್ಟು ಅರ್ಥವಾಯಿತು.

ಉಪಾಕರ್ಮ ಬಂತು. ಸ್ಕಾರ್‌ಬರೋದ ಪುರೋಹಿತರು ವಾಟ್ಸಾಪಿನಲ್ಲಿ ಮಂತ್ರ ಹೇಳಿಸಿದರು. ನಡುವೆ ನೆಟ್‌ವರ್ಕ್ ಹೋಯಿತು. ಒಂದಷ್ಟು ಋಷಿಗಳಿಗೆ ತರ್ಪಣ ಸಲ್ಲಲಿಲ್ಲ. ಹೊಸ ಜನಿವಾರ ಹಾಕಿಕೊಂಡೆ. ಹಳೆಯದನ್ನು ಹರಿಯುವ ನೀರಿಗೆ ಬಿಡಬೇಕು. ಹಳ್ಳ ಒಣಗಿತ್ತು. ಯಾರೂ ತುಳಿಯದ ಜಾಗವಾದರೆ ಸಾಕೆಂದು ಹಿತ್ತಲಾಚೆಯ ಪೊದೆಯ ಮೇಲೆ ಹಾಕಿ ಮರೆತೆ.

ನಾನು ಬೆಟ್ಟವೆಲ್ಲ ಸುತ್ತಿದರೂ ಗೂಡು ಸಿಗಲಿಲ್ಲ. ಅಂತೂ ಸಿಕ್ಕಿದ್ದು ಒಡತಿಯ ಕೋಳಿಗೂಡಿನ ಮಾಡಿನಡಿ. ಅವಳೇ ಕೂಗಿ ಕರೆದಳು.

“ದೋತೋರ್, ನಿಮ್ಮ ಹೆಗಲ ಮೇಲಿನ ದಾರ ಇಲ್ಲಿದೆ! ಈ ಹಕ್ಕೀನ ಯಾವಾಗ ಪಾದ್ರಿ ಮಾಡಿದ್ರಿ?”

ಏಣಿ ಹತ್ತಿ ನೋಡಿದೆ. ಹುಲ್ಲು, ಪಾಚಿ, ನಡುವೆ ಬ್ರಹ್ಮಗಂಟಿನ ಸಮೇತ ನನ್ನ ಜನಿವಾರ. ಅದರ ಮೇಲೆ ಬೆಚ್ಚಗೆ ಎರಡು ಮೊಟ್ಟೆ.

ಹೆಂಡತಿಗೆ ಫೋನ್ ಮಾಡಿದೆ. ನಗು ನಿಲ್ಲಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಗಾಯತ್ರಿ ಯಾರ್ರೀ ಹೇಳಿಕೊಡ್ತಾರೆ ಅದಕ್ಕೆ?”

“ತಮಾಷೆ ಸಾಕು. ನಾನು ಸೋತೆ ಕಣೇ.”

“ಎಳೆದು ಬಿಸಾಕಿ. ಯಾರು ನೋಡ್ತಾರೆ?”

“ಮೊಟ್ಟೆ ಇದೆ.”

“ಹಂಗಾದ್ರೆ ಹತ್ತಿ ಗಿಡದ್ದೇ ತಾನೆ ಅಂತ ವಾದ ಮಾಡಿ.”

ಆ ವಾದವನ್ನು ಸ್ನಾನ ಮಾಡುವಾಗ ಗಟ್ಟಿಯಾಗಿ ಹೇಳಿ ನೋಡಿದೆ. ನನಗೇ ನಗು ಬಂತು. ಫೋಟೋ ತೆಗೆದು ಶಿಷ್ಯೆಗೆ ಕಳಿಸಿದೆ. ಕೂಡಲೇ ಕರೆ ಬಂತು.

“ಸಾರ್! ದಟ್ಸ್ ಮೈ ಪಾಯಿಂಟ್!”

“ಅದನ್ನ ಅಲ್ಲಿ ಹಾಕಿದ್ದು ನಾನಮ್ಮ. ಲೆಕ್ಕಕ್ಕೆ ಬರಲ್ಲ.”

“ಯು ಆರ್ ಹ್ಯೂಮನ್, ಸಾರ್. ಐ ಥಿಂಕ್.”

ಪ್ರಬಂಧ ಅವಳ ತಲೆಬರಹದಲ್ಲೇ ಹೊರಬಂತು. ಗೂಡಿನ ವಿವರದಲ್ಲಿ ‘ಹತ್ತಿಯ ದಾರ, ಮೂಲ: ಸಹಲೇಖಕ’ ಎಂದು ನಾನೇ ಸೇರಿಸಿದೆ.

ಈ ವರ್ಷದ ಉಪಾಕರ್ಮ ಸ್ಕಾರ್‌ಬರೋದಲ್ಲೇ ಆಯಿತು. ಹಳೆಯ ಜನಿವಾರ ಹಿಡಿದು ಹಿತ್ತಲ ಬಾಗಿಲು ತೆಗೆಯುತ್ತಿದ್ದಂತೆ ಹೆಂಡತಿ ಕಾರಿನ ಕೀ ಹಿಡಿದು ಅಡ್ಡ ನಿಂತಳು.

“ನಡೀರಿ ಹೊಳೆಗೆ. ಇಲ್ಲಿನ ರಾಬಿನ್ ಹಕ್ಕಿಗಳಿಗೆ ಉಪನಯನ ಮಾಡಿಸೋದು ಬೇಡ.”