ಮೊದಲ ಮೀನು ಕಡಲಿಗೆ

ಆಗೆಲ್ಲ ದುಖಾನ್ ಪಟ್ಟಣದಲ್ಲಿ ಚಳಿಗಾಲ ಬಂತೆಂದರೆ ಗಾಳ ಹಾಕುವ ಕಾಲ ಬಂತೆಂದೇ ಅರ್ಥ. ತೊಂಬತ್ತರ ದಶಕದ ಕತಾರಿನಲ್ಲಿ ಬೆಳೆದವರಿಗೆ ಇದು ನೆನಪಿದ್ದೀತು. ವರ್ಷದ ಮುಕ್ಕಾಲು ಪಾಲು ಏಸಿ ಕೋಣೆಯೊಳಗೆ ಭರಣಿಯ ಉಪ್ಪಿನಕಾಯಿಯ ಹಾಗೆ ಕೂತಿರುತ್ತಿದ್ದ ನಾವು ನವೆಂಬರಿನಲ್ಲಿ ಒಮ್ಮೆ ಹೊರಗೆ ಬಿದ್ದೆವೆಂದರೆ ಮಾರ್ಚಿನ ತನಕ ಒಳಗೆ ಹೋಗುವ ಮಾತೇ ಇರಲಿಲ್ಲ. ಗಾಳಿಯಲ್ಲಿ ತೈಲಬಾವಿಗಳ ಗ್ಯಾಸಿನ ವಾಸನೆ ಸದಾ ಇರುತ್ತಿತ್ತು, ಕೊಳೆತ ಮೊಟ್ಟೆಯಂಥದ್ದು. ದೋಹಾದಿಂದ ಬಂದ ನೆಂಟರು ಕಾರಿನಿಂದ ಇಳಿಯುವಾಗಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೋ ಅದು ಮನೆಯ ವಾಸನೆ. ಇವತ್ತಿಗೂ ಎಲ್ಲಾದರೂ ಅದು ಮೂಗಿಗೆ ಬಡಿದರೆ ಕಣ್ಣು ತುಂಬಿಬಿಡುತ್ತದೆ. ಜನ ನಗಲಿ, ನನಗೇನು.

ಪಪ್ಪ ಎಣ್ಣೆ ಕಂಪನಿಯ ಸ್ಟೋರಿನಲ್ಲಿ ಗುಮಾಸ್ತರಾಗಿದ್ದರು. ಅವರು ಹುಟ್ಟಿದ್ದು ಉಡುಪಿಯ ಹತ್ತಿರ, ಸ್ವರ್ಣಾ ನದಿ ಕಡಲು ಸೇರುವಲ್ಲಿಯ ಒಂದು ಪುಟ್ಟ ಕುದ್ರುವಿನಲ್ಲಿ. ಸುತ್ತ ನೀರೇ ನೀರು. ಅಜ್ಜನ ದೋಣಿಯಲ್ಲಿ ಬೆಳೆದ ಮನುಷ್ಯ ಮರಳುಗಾಡಿಗೆ ಬಂದರೂ ನೀರನ್ನು ಹೇಗೋ ಹುಡುಕಿಕೊಂಡಿದ್ದರು. ಶುಕ್ರವಾರದ ರಜೆಯ ಬೆಳಿಗ್ಗೆ ಮಮ್ಮಿ ಕುಬೂಸ್ ರೊಟ್ಟಿಯೊಳಗೆ ಮೊಟ್ಟೆ ಸುತ್ತಿ, ಫ್ಲಾಸ್ಕಿಗೆ ಚಾ ತುಂಬಿಸಿ ಕೊಟ್ಟರೆ ನಾನೂ ಪಪ್ಪನೂ ಜೆಟ್ಟಿಗೆ ಹೊರಡುತ್ತಿದ್ದೆವು. ಉಳಿದವರ ಕೈಯಲ್ಲಿ ಹೊಳೆಯುವ ರಾಡು, ರೀಲು. ನಮ್ಮಲ್ಲಿ ಹಾಲಿನ ಪುಡಿಯ ಖಾಲಿ ಡಬ್ಬಕ್ಕೆ ಸುತ್ತಿದ ತಂಗೂಸಿ ದಾರ. ನನಗೆ ಆ ಡಬ್ಬ ಕಂಡರೆ ನಾಚಿಕೆ. "ಪಪ್ಪ, ನಾವೂ ಒಂದು ರಾಡು ತೆಗೊಳ್ಳುವ" ಎಂದು ಪೀಡಿಸಿದರೆ, "ಮೀನು ಎಂತ ಡಬ್ಬ ನೋಡಿ ಬರ್ತದಾ? ಅದು ಬರುವುದು ಬೊಂಡಾಸು ನೋಡಿ" ಎನ್ನುತ್ತ ಬೊಂಡಾಸಿನ, ಅಂದರೆ ಸ್ಕ್ವಿಡ್ಡಿನ, ತುಂಡನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದರು. ಆ ವಾಸನೆ ಸೋಮವಾರದ ತನಕ ಬೆರಳು ಬಿಡುತ್ತಿರಲಿಲ್ಲ. ಶಾಲೆಯಲ್ಲಿ ಪಕ್ಕದ ಹುಡುಗಿ ಬೆಂಚಿನ ಆ ತುದಿಗೆ ಸರಿದು ಕೂರುತ್ತಿದ್ದಳು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ದಿನದ ಮೊದಲ ಮೀನನ್ನು ಮನೆಗೆ ತರುವಂತಿಲ್ಲ. ಅದು ದೊಡ್ಡದಿರಲಿ ಚಿಕ್ಕದಿರಲಿ, ಕಡಲಿಗೇ ವಾಪಸು. ದೋಣಿಯಲ್ಲಿರುವ ಎಲ್ಲರಿಗಿಂತ ಚಿಕ್ಕವರ ಕೈಯಿಂದಲೇ ಬಿಡಿಸಬೇಕು. ಇದು ಅಜ್ಜನ ಕಟ್ಟಳೆ, ಪಪ್ಪನಿಗೆ ಬೈಬಲ್ಲಿನಷ್ಟೇ ದೊಡ್ಡದು. ಪಪ್ಪ ಗಾಳ ಬಿಡಿಸಿ, ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ನನ್ನ ಕೈಗೆ ಕೊಡುವರು. ನಾನು ಜೆಟ್ಟಿಯ ಮೆಟ್ಟಿಲು ಇಳಿದು ಅದನ್ನು ನೀರಿಗೆ ಬಿಡುವುದು. ಬಿಡುವಾಗ ಇಬ್ಬರೂ ಒಟ್ಟಿಗೆ, "ಹೋಗು, ನಿನ್ನ ಮನೆಯವರನ್ನೆಲ್ಲ ಕರ್ಕೊಂಡು ಬಾ" ಎನ್ನಬೇಕು. ಅದು ಬಾಲ ಒದ್ದು ಹೋಗುವಾಗ ಮುಖಕ್ಕೆ ನೀರು ಎರಚಿದರೆ ಪಪ್ಪ "ಹೂಂ ಅಂದಿತು ನೋಡು" ಎಂದು ನಗುತ್ತಿದ್ದರು.

ಕಂಪನಿಯ ಕ್ಲಬ್ಬಿನವರು ಪ್ರತಿ ಚಳಿಗಾಲವೂ ಸ್ಪರ್ಧೆಗಳನ್ನು ಇಡುತ್ತಿದ್ದರು. ಮಕ್ಕಳಿಗೆ ಮರಳಿನಲ್ಲಿ ಟೆಂಟ್ ಹೊಡೆಯುವುದು, ಗಾಳಿಗೆ ಆರದಂತೆ ಬೆಂಕಿ ಹೊತ್ತಿಸುವುದು, ಹಗ್ಗಕ್ಕೆ ಗಂಟು ಹಾಕುವುದು. ಟೆಂಟಿನಲ್ಲಿ ನಾನು ಪ್ರತಿ ಸಲವೂ ಸೋತವಳೇ. ಒಮ್ಮೆ ಶಮಾಲ್ ಗಾಳಿ ಎದ್ದು ನನ್ನ ಟೆಂಟು ಹಾರಿ ಹೋಗಿ ಪಕ್ಕದ ಮನೆಯ ಕುರಿಯನ್ ಅಂಕಲ್‌ ಅವರ ತಲೆಗೇ ಮುಸುಕು ಹಾಕಿತ್ತು. ಆದರೆ ಗಂಟು ಮಾತ್ರ ನನ್ನದು. ದೋಣಿ ಕಟ್ಟುವ ಗಂಟುಗಳನ್ನೆಲ್ಲ ಪಪ್ಪ ಅಡುಗೆಮನೆಯ ಕುರ್ಚಿಯ ಕಾಲಿಗೆ ಹಾಕಿಸಿ ಕಲಿಸಿದ್ದರು. ದುಖಾನಿನ ನಮ್ಮ ಕೊನೆಯ ಚಳಿಗಾಲದಲ್ಲಿ ಅದಕ್ಕೆ ಮೊದಲ ಬಹುಮಾನವಾಗಿ ಬಂದ ಟಾರ್ಚನ್ನು ದಿಂಬಿನಡಿ ಇಟ್ಟುಕೊಂಡೇ ಮಲಗುತ್ತಿದ್ದೆ. ಸ್ಪರ್ಧೆಗಳ ಕೊನೆಗೆ ಬರುವುದು ದೊಡ್ಡ ಮೀನಿನ ಪಂದ್ಯ. ತಂಡಕ್ಕೆ ಇಬ್ಬರು, ಒಬ್ಬರು ಮಗು ಆಗಿರಲೇಬೇಕು. ಯಾರ ಒಂದು ಮೀನು ಎಲ್ಲಕ್ಕಿಂತ ಭಾರವೋ ಅವರೇ ಗೆದ್ದ ಹಾಗೆ.

ಪಪ್ಪ ಯಾವತ್ತೂ ಅದಕ್ಕೆ ಹೆಸರು ಕೊಟ್ಟವರಲ್ಲ. "ಮೀನು ಹಿಡಿಯುವುದರಲ್ಲಿ ಎಂತ ಫಸ್ಟು ಸೆಕೆಂಡು" ಎನ್ನುವವರು. ಆ ವರ್ಷ ಮಾತ್ರ ತಾವಾಗಿಯೇ ಹೋಗಿ ಹೆಸರು ಕೊಟ್ಟು ಬಂದರು. ಕಾರಣ ಇತ್ತು. ಪಪ್ಪನ ದರ್ಜೆಯವರಿಗೆ ಕಂಪನಿ ಫ್ಯಾಮಿಲಿ ಕ್ವಾರ್ಟರ್ಸ್ ನಿಲ್ಲಿಸಿತ್ತು. ಪರೀಕ್ಷೆ ಮುಗಿದ ಕೂಡಲೇ ಮಮ್ಮಿ ಮತ್ತು ನಾನು ಊರಿಗೆ ಹೋಗಬೇಕು, ಪಪ್ಪ ಬ್ಯಾಚಲರ್ ಕ್ಯಾಂಪಿಗೆ. ಮಮ್ಮಿ ಆಗ ಬಸುರಿ, ಮಳೆ ಶುರುವಾಗುವಾಗ ಹೆರಿಗೆ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಪಪ್ಪ ಹಿಂದಿನ ಬೇಸಿಗೆಯಲ್ಲೇ ತೆಗೆದುಕೊಂಡಾಗಿತ್ತು. ಸ್ವಂತ ಖರ್ಚಿನಲ್ಲಿ ವಿಮಾನ ಹತ್ತುವುದು ಆಗ ನಮ್ಮಂಥವರು ಯೋಚಿಸುವ ಸಂಗತಿಯೇ ಅಲ್ಲ. ಆ ಸಲದ ಮೀನಿನ ಪಂದ್ಯಕ್ಕೆ ಇಟ್ಟ ಬಹುಮಾನ ಬೊಂಬಾಯಿಗೆ ಹೋಗಿಬರುವ ವಿಮಾನ ಟಿಕೆಟ್.

"ಸೂಪರ್‌ವೈಸರ್ ಹತ್ರ ಕೇಳಿದ್ದೇನೆ" ಎಂದರು ಪಪ್ಪ, ಹಿಂದಿನ ದಿನ ಗಾಳ ಉಜ್ಜುತ್ತ ಕೂತು. "ಟಿಕೆಟ್ ನಿಂದಾದ್ರೆ ಸ್ವಲ್ಪ ದಿನ ಬಿಡ್ತೇನೆ ಅಂದಿದ್ದಾನೆ. ನೀನು ಹುಟ್ಟುವಾಗಲೂ ನಾನು ಇರ್ಲಿಲ್ಲ ಲವ್ವಿ. ನಿನ್ನ ಫೋಟೋ ಬಂದಿತ್ತು ಅಷ್ಟೇ. ಕ್ಯಾಂಪಿನಲ್ಲಿ ಎಲ್ಲರಿಗೂ ತೋರಿಸಿ ತೋರಿಸಿ ಅದರ ಮೂಲೆ ಮಡಚಿ ಹೋಯ್ತು. ಈ ಪಾಪು ಹುಟ್ಟುವಾಗ ನಾನು ಅಲ್ಲಿ ಇರ್ಬೇಕು."

ಮಮ್ಮಿ ಒಲೆಯ ಹತ್ತಿರ ನಿಂತವರು ತಿರುಗಿ, "ಮೀನು ಸಿಕ್ಕಿದ್ರೆ ಅಲ್ವಾ? ಈಗಲೇ ಸೂಟ್‌ಕೇಸ್ ತುಂಬಿಸ್ಬೇಡಿ" ಎಂದು ಕೆಣಕಿದರು. ಆದರೆ ಆ ಸಂಜೆ ಜಪಮಾಲೆ ಹೇಳುವಾಗ ಮಮ್ಮಿಯ ಸ್ವರ ಎಂದಿಗಿಂತ ದೊಡ್ಡದಾಗಿತ್ತು.

ಪಂದ್ಯದ ಶುಕ್ರವಾರ ಬೆಳಿಗ್ಗೆ ಜೆಟ್ಟಿಯ ಮೇಲೆ ಜಾತ್ರೆಯಷ್ಟು ಜನ. ನಮ್ಮ ಎಡಗಡೆ ಕುರಿಯನ್ ಅಂಕಲ್ ಮತ್ತು ಅವರ ಮಗ. ಸೀಟಿ ಊದಿದರು. ಪಪ್ಪ ಶಿಲುಬೆಯ ಗುರುತು ಮಾಡಿ ತಂಗೂಸಿ ಎಸೆದರು. ಚಾ ಬಗ್ಗಿಸಿ ಇನ್ನೂ ಒಂದು ಗುಟುಕು ಕುಡಿದಿಲ್ಲ, ದಾರ ಎಳೆಯಿತು. ಹೇಗೆ ಎಳೆಯಿತು ಅಂತೀರಿ! ಹಾಲಿನ ಡಬ್ಬ ಪಪ್ಪನ ಕಾಲಿನ ಸಂದಿಯಿಂದ ಹಾರಿ ಢಣಢಣ ಉರುಳಿತು. ಪಪ್ಪ ಎದ್ದು, ಸ್ವಲ್ಪ ಬಿಟ್ಟು, ಸ್ವಲ್ಪ ಎಳೆದು, ಮತ್ತೆ ಬಿಟ್ಟು, ಬೆರಳು ಕೊಯ್ದುಕೊಂಡು ಕೊನೆಗೂ ಮೇಲೆ ತಂದರು. ಹಮೂರ್! ನಮ್ಮೂರಿನ ಮುರು ಮೀನಿನ ಜಾತಿ. ಮೈತುಂಬ ಕಂದು ಚುಕ್ಕೆ, ಬಾಯಿ ತೆರೆದರೆ ನನ್ನ ಮುಷ್ಟಿ ಒಳಗೆ ಹೋಗಬೇಕು, ಅಷ್ಟು ದೊಡ್ಡದು. ಅಂಥ ಮೀನನ್ನು ನಾವು ಆ ಜೆಟ್ಟಿಯಲ್ಲಿ ಅದುವರೆಗೆ ಹಿಡಿದದ್ದೇ ಇಲ್ಲ.

ಪಪ್ಪ ಗಾಳ ಬಿಡಿಸಿದರು. ಒದ್ದೆ ಬಟ್ಟೆಯಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು. ನಾನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಮೆಟ್ಟಿಲು ಇಳಿದೆ. "ಹೋಗು, ನಿನ್ನ ಮನೆಯವರನ್ನೆಲ್ಲ ಕರ್ಕೊಂಡು ಬಾ" ಎಂದೆ. ಮೇಲಿನಿಂದ ಪಪ್ಪನೂ ಅದನ್ನೇ ಹೇಳಿದರು, ಒಟ್ಟಿಗೆ. ಬಟ್ಟೆ ಸಡಿಲಿಸಿದೆ. ಹಮೂರ್ ಒಮ್ಮೆ ಬಾಲ ಒದ್ದು ನನ್ನ ಮುಖಕ್ಕೆಲ್ಲ ನೀರು ಎರಚಿ ಕೆಳಗೆ ಹೋಯಿತು.

"ಅರೇ! ಕ್ಯಾ ಕಿಯಾ ಯಾರ್!" ಎಂದು ಕುರಿಯನ್ ಅಂಕಲ್ ಕಿರುಚಿದರು.

ಆಗಲೇ ನಮಗೆ ಗೊತ್ತಾದದ್ದು. ನಾನು ಮೆಟ್ಟಿಲಲ್ಲಿ ನಿಂತು ಮೇಲೆ ನೋಡಿದೆ, ಪಪ್ಪ ಕೆಳಗೆ ನೋಡಿದರು. ಅವರ ಕೈ ಇನ್ನೂ ಮೀನು ಹಿಡಿದ ಹಾಗೆಯೇ ಇತ್ತು. ಇಬ್ಬರಲ್ಲಿ ಒಬ್ಬರಿಗಾದರೂ ಬುದ್ಧಿ ಬೇಡವೇ ಎಂದು ನೀವು ಕೇಳಬಹುದು. ಬುದ್ಧಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಕೈಗೆ ಗೊತ್ತಿದ್ದದ್ದನ್ನು ಕೈ ಮಾಡಿ ಮುಗಿಸಿತ್ತು.

ಕುರಿಯನ್ ಅಂಕಲ್ ಸುಮ್ಮನೆ ಕೂರಲಿಲ್ಲ. ತೂಕ ಮಾಡುವ ಮೇಜಿನ ಬಳಿ ಕೂತಿದ್ದ ಅರಬ್ ತೀರ್ಪುಗಾರನ ಹತ್ತಿರ ಓಡಿ, ತಾನು ಕಣ್ಣಾರೆ ಕಂಡಿದ್ದೇನೆ, ಇಷ್ಟುದ್ದದ ಹಮೂರ್ ಎಂದು ಕೈ ಅಗಲಿಸಿ ತೋರಿಸಿದರು. ಆ ತೀರ್ಪುಗಾರ ಕೆಟ್ಟವನಲ್ಲ. ನಮ್ಮ ಕಡೆ ನೋಡಿ ತಲೆ ಅಲ್ಲಾಡಿಸಿ, "ಮಾಫಿ ಮೀಜಾನ್, ಮಾಫಿ ಸಮಕ್" ಎಂದ. ತಕ್ಕಡಿ ಹತ್ತದ ಮೀನು ಮೀನೇ ಅಲ್ಲ. ಖಲಾಸ್.

"ಇರ್ಲಿ ಬಿಡು" ಎಂದರು ಪಪ್ಪ. "ಮನೆಯವರನ್ನು ಕರ್ಕೊಂಡು ಬರ್ತದೆ. ಅಜ್ಜನ ಮಾತು ಸುಳ್ಳಾಗುವುದುಂಟಾ?"

ನಾವು ಕಾದೆವು. ಬಿಸಿಲೇರಿತು. ಕುಬೂಸು ಒಣಗಿ ರಟ್ಟಾಯಿತು, ಯಾರಿಗೂ ತಿನ್ನುವ ಮನಸ್ಸಿಲ್ಲ. ಒಂದಷ್ಟು ಪುಡಿ ಶೇರಿ ಮೀನು ಬಂದವು, ಅಂಗೈ ಅಗಲದವು. ಪಪ್ಪ ಪ್ರತಿ ಸಲ ದಾರ ಎಳೆಯುವಾಗಲೂ ನಾನು ಉಸಿರು ಹಿಡಿದು, ದೇವರೇ, ದೇವರೇ ಎನ್ನುತ್ತಿದ್ದೆ. ಕೊನೆಯ ಸೀಟಿ ಊದಿದ ಮೇಲೂ ಪಪ್ಪ ತಂಗೂಸಿಯನ್ನು ಬೆರಳಿಗೆ ಸುತ್ತಿಕೊಂಡು ನೀರನ್ನೇ ನೋಡುತ್ತ ಕೂತಿದ್ದರು. ಒಬ್ಬ ಸ್ಕಾಟ್ಲೆಂಡಿನ ಎಂಜಿನಿಯರ್ ಮತ್ತು ಅವನ ಮಗಳು ಗೆದ್ದರು. ಅವರ ಮೀನು ನಮ್ಮದರ ಅರ್ಧವೂ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಅವರಿಗೆ ಬೊಂಬಾಯಿಯಲ್ಲಿ ಎಂಥ ಕೆಲಸವಿತ್ತೋ, ದೇವರೇ ಬಲ್ಲ.

ಮನೆಗೆ ಬಂದಾಗ ಮಮ್ಮಿ ಬಾಗಿಲಲ್ಲೇ ಇದ್ದರು. "ಎಂತ ಆಯ್ತು?"

"ಇವತ್ತು ಕಚ್ಚಲಿಲ್ಲ" ಎಂದರು ಪಪ್ಪ.

ನನಗೆ ತಡೆದುಕೊಳ್ಳಲು ಆಗಲಿಲ್ಲ. ಎಲ್ಲವನ್ನೂ ಅಳುತ್ತಳುತ್ತ ಹೇಳಿಬಿಟ್ಟೆ. ಮಮ್ಮಿ ಮೊದಲು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಂದೇ ಹುಚ್ಚು ಮಾರಾಯ್ರೆ ಇಬ್ಬರಿಗೂ!" ಎಂದು ಹೇಳಿ ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಂತು. ತೊಳೆಯಲು ಪಾತ್ರೆಗಳೇನೂ ಇರಲಿಲ್ಲ. ನಲ್ಲಿ ಮಾತ್ರ ಎಷ್ಟೋ ಹೊತ್ತು ಹರಿಯುತ್ತಲೇ ಇತ್ತು. ಪಪ್ಪ ಹಾಲಿನ ಡಬ್ಬವನ್ನು ಅಂದೇ ಕುರಿಯನ್ ಅಂಕಲ್‌ಗೆ ಕೊಟ್ಟುಬಿಟ್ಟರು. ಮತ್ತೆ ಅವರು ಗಾಳ ಮುಟ್ಟಿದ್ದನ್ನು ನಾನು ನೋಡಲಿಲ್ಲ, ದುಖಾನಿನಲ್ಲೂ ಇಲ್ಲ, ಊರಿನಲ್ಲೂ ಇಲ್ಲ.

ಪರೀಕ್ಷೆ ಮುಗಿಯಿತು. ದೋಹಾದ ವಿಮಾನ ನಿಲ್ದಾಣದಲ್ಲಿ ಪಪ್ಪ ನನ್ನ ಸ್ವೆಟರಿನ ಗುಂಡಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. "ಮಮ್ಮಿಯನ್ನು ನೋಡ್ಕೊ" ಎಂದರು. ಮೀನಿಗೆ ಹೇಳುತ್ತಿದ್ದಷ್ಟು ಸಲೀಸಾಗಿ ನಮಗೆ "ಹೋಗಿ, ಬನ್ನಿ" ಎನ್ನಲು ಅವರಿಂದ ಆಗಲಿಲ್ಲ.

ತಮ್ಮ ರೋಶನ್ ಜೂನಿನ ಮಳೆಯಲ್ಲಿ ಹುಟ್ಟಿದ. ಪಪ್ಪ ಬರುವಷ್ಟರಲ್ಲಿ ಅವನು ಗೋಡೆ ಹಿಡಿದು ನಡೆಯುತ್ತಿದ್ದ. ಪಪ್ಪನನ್ನು ಕಂಡವನೇ ಕಿಟಾರನೆ ಕಿರುಚಿ ಮಮ್ಮಿಯ ಸೀರೆಯೊಳಗೆ ಸೇರಿಕೊಂಡ. ಬಂದ ಚಾಕಲೇಟೆಲ್ಲ ಬೇಕು, ತಂದವರು ಬೇಡ. ಸ್ವಲ್ಪ ಸಲಿಗೆಯಾಗಿ ಹೆಗಲೇರುವಷ್ಟರಲ್ಲಿ ರಜೆ ಮುಗಿಯಿತು. ಮುಂದಿನ ರಜೆಗೆ ಎಲ್ಲ ಮತ್ತೆ ಮೊದಲಿನಿಂದ. ಹೀಗೆಯೇ ನಡೆಯಿತು. ಪಪ್ಪ ಕೆಲಸ ಮುಗಿಸಿ ಊರಿಗೆ ಬಂದು ನೆಲೆಸುವಾಗ ಅವನು ಕೆಲಸಕ್ಕೆ ಸೇರಿಯಾಗಿತ್ತು. ಅವರಿಬ್ಬರ ನಡುವೆ ಜಗಳವಿರಲಿಲ್ಲ. ಜಗಳ ಆಡುವಷ್ಟು ಹತ್ತಿರವೇ ಬಂದವರಲ್ಲ. "ಊಟ ಆಯ್ತಾ?" "ಆಯ್ತು." "ಮಳೆ ಉಂಟಾ?" "ಉಂಟು." ಒಂದೇ ಮನೆಯಲ್ಲಿ ಎದುರೆದುರು ಕೂತರೂ ಅವರ ಮಾತು ದೂರದ ಫೋನಿನಲ್ಲಿ ಆಡಿದ ಹಾಗೆಯೇ ಇರುತ್ತಿತ್ತು.

ಪಪ್ಪ ಹೋದ ವರ್ಷ ತೀರಿಕೊಂಡರು. ರೋಶನ್ ಈಗ ಕತಾರಿನ ಲುಸೈಲಿನಲ್ಲಿ ಕೆಲಸದಲ್ಲಿದ್ದಾನೆ, ಹೆಂಡತಿ ಮಗಳ ಜೊತೆಗೆ. ಈ ಚಳಿಗಾಲ ಅವನಲ್ಲಿಗೆ ಹೋಗಿದ್ದೆ. "ನೀನು ಹುಟ್ಟುವ ಮೊದಲು ನಾವಿದ್ದ ಜಾಗ ತೋರಿಸ್ತೇನೆ ಬಾ" ಎಂದು ನಾನೇ ದುಖಾನಿಗೆ ಹೊರಡಿಸಿದೆ. ಹಳೆಯ ಕ್ವಾರ್ಟರ್ಸ್ ಗುರುತು ಸಿಗಲಿಲ್ಲ. ಸಮುದ್ರ ಇತ್ತು, ವಾಸನೆಯೂ ಇತ್ತು. ರೋಶನ್ ಡಿಕ್ಕಿಯಿಂದ ಒಳ್ಳೆಯ ರಾಡು, ರೀಲು ತೆಗೆದ. ಗಾಳ ಹಾಕುವುದನ್ನು ಆಫೀಸಿನ ಗೆಳೆಯರು ಕಲಿಸಿದರಂತೆ. ನಾನು ಅವನ ಮಗಳ ಜೊತೆ ಚಿಪ್ಪು ಹೆಕ್ಕುತ್ತ ದೂರ ಹೋಗಿದ್ದೆ.

ವಾಪಸು ಬಂದಾಗ ಅವನು ಹೆಮ್ಮೆಯಿಂದ ಐಸ್ ಪೆಟ್ಟಿಗೆ ತಟ್ಟಿದ. "ಅಕ್ಕ, ಒಂದು ಶೇರಿ ಸಿಕ್ತು."

"ಮೊದಲನೆಯದಾ?"

"ಹೂಂ."

"ಅಯ್ಯೋ, ಮೊದಲನೆಯದನ್ನು ಬಿಡ್ಬೇಕಲ್ಲ ಮಾರಾಯ! ಪಾಪುವಿನ ಕೈಲಿ ಬಿಡಿಸ್ಬೇಕಿತ್ತು."

"ಯಾಕೆ? ಯಾರು ಹೇಳಿದ್ದು?"

"ಪಪ್ಪ."

ರೋಶನ್ ರಾಡನ್ನು ಮೆಲ್ಲಗೆ ಕೆಳಗಿಟ್ಟ.

"ನಂಗೆ ಹೇಳಲೇ ಇಲ್ಲ ಅಕ್ಕ" ಎಂದ.

ಮತ್ತೆ ಗಡಬಡಿಸಿ ಮೊಣಕಾಲೂರಿ ಪೆಟ್ಟಿಗೆಯ ಮುಚ್ಚಳ ತೆಗೆದ. ಮಗಳೂ ಬಗ್ಗಿ ನೋಡಿದಳು. ಮೀನು ಐಸಿನ ನಡುವೆ ಮಲಗಿತ್ತು. ರೋಶನ್ ಅದನ್ನು ಎತ್ತಿ ನೀರಿನ ತನಕ ಒಯ್ದು, ಅಲೆಯಲ್ಲಿ ಹಿಡಿದು, ಆಚೀಚೆ ಅಲ್ಲಾಡಿಸಿ ನೋಡಿದ. ಅದು ಅಲುಗಲಿಲ್ಲ.